ನಮ್ಮ ಕಡೆಯ ವಸ್ತುಸಂಗ್ರಹಾಲಯಗಳು ವರ್ಷವಿಡೀ ಏನು ಮಾಡಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳದವರು ಹೇಳಿ

ಕೌಲ್‌ಬಜಾರ್ ಮೇಷ್ಟರು · ಶನಿವಾರ, ರಾತ್ರಿ 9.10

ದಸರಾ ರಜೆಯಲ್ಲಿ ಮುಂಬೈಗೆ ಮಗಳ ಮನೆಗೆ ಹೋಗಿದ್ದೆ. ಸಮುದ್ರ ನೋಡಿ ಸಾಕಾದ ಮೇಲೆ ಒಂದು ದಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೆ ಹೋದೆವು. ಗುಮ್ಮಟ, ಶಿಲ್ಪ, ಚಿತ್ರಗಳು ಎಲ್ಲವೂ ದೊಡ್ಡ ಊರಿಗೆ ತಕ್ಕಂತೆ ದೊಡ್ಡದಾಗಿಯೇ ಇವೆ. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಅವರ ಬಸ್ಸು. 2015ರಿಂದ ಒಂದು ಬಸ್ಸಿನೊಳಗೆ ಪ್ರದರ್ಶನ ತುಂಬಿಕೊಂಡು ಶಾಲೆಗಳ ಬಾಗಿಲಿಗೇ ಹೋಗುತ್ತಾರೆ. ಆಮೇಲೆ ಅವರ ವರ್ಷದ ಕೆಲಸಗಳನ್ನು ಲೆಕ್ಕ ಹಾಕುತ್ತಾ ಕುಳಿತೆ. 2023ರ ಡಿಸೆಂಬರ್‌ನಲ್ಲಿ ತೆರೆದ ಪ್ರದರ್ಶನದಲ್ಲಿ ನಮ್ಮ ದೇಶದ ಶಿಲ್ಪಗಳ ಪಕ್ಕದಲ್ಲಿ ಈಜಿಪ್ಟ್, ಅಸ್ಸೀರಿಯಾ, ಗ್ರೀಸ್, ರೋಮ್‌ಗಳ ಶಿಲ್ಪಗಳನ್ನು ನಿಲ್ಲಿಸಿದ್ದರು. ಒಂದು ಕಡೆ ಪ್ರದರ್ಶನ, ಇನ್ನೊಂದು ಕಡೆ ಹಳೆಯ ವಸ್ತುಗಳಿಗೆ ಚಿಕಿತ್ಸೆ ಮಾಡುವ ಪ್ರಯೋಗಾಲಯ, ಮತ್ತೊಂದು ಕಡೆ ಮಕ್ಕಳಿಗೇ ಬೇರೆ ಕಟ್ಟಡ.

ಊರಿಗೆ ಬಂದು ನಮ್ಮ ಆಸ್ತಿಯನ್ನೂ ಲೆಕ್ಕ ಹಾಕಿದೆ. ಬಳ್ಳಾರಿಯಲ್ಲಿ ಬ್ರಿಟಿಷರ ಕಾಲದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಇದೆ. ರಾಯಚೂರಿನ ನವರಂಗ್ ದರವಾಜದಲ್ಲಿ ಸರ್ಕಾರದ್ದೊಂದು ಇದೆ. ಕೊಪ್ಪಳದಲ್ಲಂತೂ ಬೆಟ್ಟಗಳೇ ತೆರೆದ ಸಂಗ್ರಹಾಲಯ. ಆದರೆ ನನ್ನ ಒಂಬತ್ತನೆಯ ತರಗತಿಯ ನಲವತ್ತೆರಡು ಮಕ್ಕಳನ್ನು ಕೇಳಿದರೆ ಹಂಪಿ ನೋಡಿದವರು ಮೂವತ್ತೆಂಟು, ಊರ ಪಕ್ಕದಲ್ಲೇ ಇರುವ ನವಶಿಲಾಯುಗದ ನೆಲೆ ಸಂಗನಕಲ್ಲು ನೋಡಿದವರು ಇಬ್ಬರು. ಆ ಇಬ್ಬರೂ ಸಂಗನಕಲ್ಲಿನವರೇ!

ಪ್ರಶ್ನೆ ಇಷ್ಟು. ನಿಮ್ಮ ಕೈಗೆ ಒಂದು ವರ್ಷ ಕೊಟ್ಟರೆ ಯಾವ ಪ್ರದರ್ಶನ ಮಾಡುತ್ತೀರಿ, ಏನು ಸಂಶೋಧನೆ ಮಾಡಿಸುತ್ತೀರಿ, ಜನರನ್ನು ಹೇಗೆ ಒಳಗೆ ಕರೆಯುತ್ತೀರಿ? "ಹಣವಿಲ್ಲ" ಎಂಬ ಉತ್ತರ ನನಗೂ ಗೊತ್ತಿದೆ. ಅದನ್ನು ಬಿಟ್ಟು ಹೇಳಿ.

ವಗ್ಗರಣೆ ಮಿರ್ಚಿ · 9.18

ಮೊದಲು ಭಾನುವಾರ ಬಾಗಿಲು ತೆರೆದಿರಲಿ. ಉಳಿದದ್ದು ಆಮೇಲೆ.

ಹೊಸಪೇಟೆ ಪ್ಯಾಸೆಂಜರ್ · 9.25

ಮೇಷ್ಟರೇ, 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹಂಪಿ ನಮ್ಮ ಪಾಲಿಗೆ ಬಂತು, ನಿಮಗೆ ಬೂದಿ ಉಳಿಯಿತು. ಈಗ ಆ ಬೂದಿಯನ್ನೇ ಮಾರುವ ಯೋಚನೆಯೇ?

ಬೂದಿದಿಬ್ಬ · 9.41

ಪ್ಯಾಸೆಂಜರ್ ಅವರು ತಮಾಷೆಗೆ ಹೇಳಿದರೂ ಮಾತು ಸರಿಯಾದ ಜಾಗಕ್ಕೆ ಬಿದ್ದಿದೆ. ಆ ಬೂದಿಗೆ ಹಂಪಿಗಿಂತ ಮೂರು ಸಾವಿರ ವರ್ಷ ಹೆಚ್ಚು ವಯಸ್ಸು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿಯ ಹತ್ತಿರ ರಸ್ತೆ ಪಕ್ಕದಲ್ಲೇ ಸಿಗುವ ದಿಬ್ಬವನ್ನು ನೀವು ನೂರು ಸಲ ದಾಟಿರುತ್ತೀರಿ. ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಸೇರಿದ ಸಗಣಿಯನ್ನು ರಾಶಿ ಹಾಕಿ, ಮತ್ತೆ ಮತ್ತೆ ಸುಟ್ಟದ್ದರಿಂದ ಬೆಳೆದದ್ದು ಅದು. ಬೆಂಕಿಯ ಕಾವು ಎಷ್ಟಿತ್ತೆಂದರೆ ಕೆಲವು ಕಡೆ ಬೂದಿ ಕರಗಿ ಗಾಜಿನ ಗಟ್ಟಿಯಂತೆ ಆಗಿದೆ.

ಒಂದು ಕಾಲದಲ್ಲಿ ಇದನ್ನು ಜ್ವಾಲಾಮುಖಿ ಎಂದವರಿದ್ದರು, ಲೋಹ ಕರಗಿಸಿದ ಕಿಟ್ಟ ಎಂದವರಿದ್ದರು. ಊರಿನವರ ಬಾಯಲ್ಲಿ ಇದು ರಾಕ್ಷಸನನ್ನು ಸುಟ್ಟ ಜಾಗ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವಂತೂ ವಾಲಿಯ ಚಿತೆ. ಸಗಣಿ ಎಂದು ಫೂಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಿದ್ದರು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಅಲ್ಲಿಗೆ ವಾದ ಮುಗಿಯಿತು.

ನನ್ನ ಕೈಗೆ ವರ್ಷ ಕೊಟ್ಟರೆ ಮೊದಲ ಪ್ರದರ್ಶನದ ಹೆಸರು "ಸಗಣಿ". ಅದೊಂದೇ ಪದ, ದೊಡ್ಡ ಅಕ್ಷರದಲ್ಲಿ. ನಮ್ಮ ಜನ ಸಗಣಿಯನ್ನು ಕುಳ್ಳು ಮಾಡುತ್ತಾರೆ, ಅಂಗಳ ಸಾರಿಸುತ್ತಾರೆ, ದೀಪಾವಳಿಗೆ ಅದರಲ್ಲೇ ಪಾಂಡವರನ್ನು ಮಾಡಿ ಕೂರಿಸುತ್ತಾರೆ. ಐದು ಸಾವಿರ ವರ್ಷ ಕೈಬಿಡದೆ ಬಂದ ವಸ್ತು ಬೇರೆ ಯಾವುದಿದೆ ತೋರಿಸಿ.

ಗಾಂಧಿನಗರ ನಲ್ಲಿ · 9.52

ನಮ್ಮ ಓಣಿಗೆ ನೀರು ಬಿಟ್ಟು ಒಂಬತ್ತು ದಿನವಾಯಿತು. ಇಲ್ಲಿ ಸಗಣಿಯ ಪ್ರದರ್ಶನದ ಚರ್ಚೆ ನಡೆಯುತ್ತಿದೆ. ನಡೆಯಲಿ.

ಕೌಲ್‌ಬಜಾರ್ ಮೇಷ್ಟರು · 9.55

ನಲ್ಲಿಯವರೇ, ನಮ್ಮ ಮನೆಗೂ ಎಂಟು ದಿನ. ನೀರು ಬರುವವರೆಗೆ ಏನು ಮಾಡುವುದು ಎಂದೇ ಇದನ್ನು ಬರೆದೆ.

ಗ್ರಂಥಾಲಯದ ಮೂಲೆ · 10.07

ಪ್ರದರ್ಶನ ಮಾಡುವುದಕ್ಕೆ ವಸ್ತು ಬೇಕಲ್ಲ? ಬಳ್ಳಾರಿಯ ನೆಲದ ವಸ್ತುಗಳು ಎಲ್ಲಿವೆ ನೋಡಿ. ಫೂಟ್ ಅವರು ನಾಲ್ಕು ದಶಕ ದಕ್ಷಿಣ ಭಾರತವನ್ನೆಲ್ಲಾ ಸುತ್ತಿ ಕೂಡಿಸಿದ ಕಲ್ಲಿನ ಕೊಡಲಿ, ಮಡಕೆ ಚೂರುಗಳನ್ನು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡಿತು. ಅದರ ವಿವರಪಟ್ಟಿ 1914 ಮತ್ತು 1916ರಲ್ಲಿ ಎರಡು ಸಂಪುಟವಾಗಿ ಅಚ್ಚಾಯಿತು. ಬಳ್ಳಾರಿ ಸೀಮೆಯ ಹಳ್ಳಿಗಳ ಹೆಸರು ಅದರಲ್ಲಿ ಪುಟಗಟ್ಟಲೆ ಇವೆ. 1940ರ ದಶಕದಲ್ಲಿ ಪುರಾತತ್ವಜ್ಞ ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಅಗೆದದ್ದು ಪುಣೆಯ ಡೆಕ್ಕನ್ ಕಾಲೇಜಿನ ಪರವಾಗಿ. ಹೀಗೆ ಹಂಚಿಹೋದ ಮೇಲೆ ನಮ್ಮೂರಿನ ಗಾಜಿನ ಪೆಟ್ಟಿಗೆಯಲ್ಲಿ ಇಡುವುದೇನು? ಎಲ್ಲವನ್ನೂ ವಾಪಸ್ ಕೇಳಬೇಕು.

ವಗ್ಗರಣೆ ಮಿರ್ಚಿ · 10.10

ಹಾಗಾದರೆ ಕೊಹಿನೂರ್ ಜೊತೆಗೇ ಒಂದು ಅರ್ಜಿ ಹಾಕಿಬಿಡೋಣ.

ನವರಂಗ್ ದರವಾಜ · 10.22

ಮದ್ರಾಸಿನವರು ಕದ್ದುಕೊಂಡು ಹೋದರು ಎಂಬ ಧಾಟಿ ಬೇಡ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ಆಡಳಿತದಲ್ಲೇ ಇತ್ತು. ಅವರ ಜಿಲ್ಲೆಯ ವಸ್ತುವನ್ನು ಅವರ ರಾಜಧಾನಿಯ ಸಂಗ್ರಹಾಲಯಕ್ಕೆ ಒಯ್ದರು, ಅಷ್ಟೇ. 1851ರಲ್ಲಿ ಶುರುವಾದ ಆ ಸಂಸ್ಥೆ ಇರದಿದ್ದರೆ ಆ ಕೊಡಲಿಗಳು ಇಂದು ಯಾರ ಬಾಗಿಲಿಗೆ ಒತ್ತುಗಲ್ಲಾಗಿರುತ್ತಿದ್ದವೋ. ನಮ್ಮ ರಾಯಚೂರು, ಕೊಪ್ಪಳ ನಿಜಾಮರ ಕಡೆ ಇದ್ದವು, ನಮ್ಮ ಕಾಗದಪತ್ರ ಹೈದರಾಬಾದಿನ ದಿಕ್ಕಿಗೆ ಹೋದವು. ಮೂರು ಜಿಲ್ಲೆಯ ಚರಿತ್ರೆ ಮೂರು ರಾಜ್ಯದ ಕಪಾಟಿನಲ್ಲಿದೆ.

ವಾಪಸ್ ಕೇಳುವ ಬದಲು ಆರು ತಿಂಗಳಿಗೆ ಎರವಲು ಕೇಳಿ. ಮುಂಬೈಯವರು ಬೇರೆ ದೇಶದಿಂದಲೇ ಎರವಲು ತಂದರಲ್ಲ? ಚೆನ್ನೈಯ ಎಗ್ಮೋರ್‌ನಲ್ಲಿರುವ ಆ ಸಂಗ್ರಹಾಲಯದಿಂದ ಐವತ್ತು ಕಲ್ಲು ಬಳ್ಳಾರಿಗೆ ಬರುವುದು ಅಷ್ಟು ಕಷ್ಟವೇ? ಒಂದೊಂದು ಕಲ್ಲಿನ ಪಕ್ಕದಲ್ಲಿ ಅದು ಸಿಕ್ಕ ಹಳ್ಳಿಯ ಹೆಸರು ಬರೆಯಿರಿ. ಆ ಹಳ್ಳಿಯವರು ನೋಡಲು ಬಾರದಿದ್ದರೆ ನನ್ನನ್ನು ಕೇಳಿ.

ಗ್ರಂಥಾಲಯದ ಮೂಲೆ · 10.30

ಎರವಲಿನ ಮಾತು ಒಪ್ಪಿದೆ. ಅದಕ್ಕೂ ಮೊದಲು ಆ ಎರಡು ಸಂಪುಟಗಳಲ್ಲಿರುವ ನಮ್ಮ ಹಳ್ಳಿಗಳ ಭಾಗವನ್ನು ಕನ್ನಡಕ್ಕೆ ತರಬೇಕು. ಫೂಟ್ ಅವರು ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆಯೇ 1895ರಲ್ಲಿ ಒಂದು ಸಂಪುಟ ಬರೆದಿದ್ದಾರೆ. ಅಂಥದ್ದು ಒಂದಿದೆ ಎಂಬುದೇ ನಮ್ಮ ಕಾಲೇಜಿನ ಮಕ್ಕಳಿಗೆ ತಿಳಿದಿಲ್ಲ. ಸಂಶೋಧನೆ ಎಂದರೆ ಅಗೆಯುವುದೊಂದೇ ಅಲ್ಲ, ಈಗಾಗಲೇ ಅಗೆದಿಟ್ಟದ್ದನ್ನು ಓದುವುದೂ ಹೌದು.

ಸಿರುಗುಪ್ಪ ಗದ್ದೆ · 10.38

ಹಿಂದಿನ ವರ್ಷ ನಾನೂ ಶಾಲೆಯ ಮಕ್ಕಳ ಜೊತೆ ಪ್ರವಾಸ ಹೋಗಿದ್ದೆ, ಸಹಾಯಕ್ಕೆ ಪಾಲಕರು ಬೇಕೆಂದಿದ್ದರು. ಯಾವ ಊರು, ಯಾವ ಸಂಗ್ರಹಾಲಯ ಎಂದು ಹೇಳುವುದಿಲ್ಲ. ಒಂದೂಕಾಲಿಗೆ ತಲುಪಿದೆವು. ಬಾಗಿಲಿಗೆ ಬೀಗ. ಊಟದ ಸಮಯ ಎಂದರು. ಅರವತ್ತು ಮಕ್ಕಳು ಬಿಸಿಲಲ್ಲಿ ಕುಳಿತು ಬುತ್ತಿ ಬಿಚ್ಚಿದರು. ಎರಡೂವರೆಗೆ ಬೀಗ ತೆಗೆದರು, ಒಳಗೆ ದೀಪ ಇಲ್ಲ. ಮೊಬೈಲ್ ಬೆಳಕಿನಲ್ಲಿ ಒಂದು ವೀರಗಲ್ಲು ನೋಡಿದೆವು. ಪಕ್ಕದ ಫಲಕದಲ್ಲಿ "ವೀರಗಲ್ಲು, ಕಲ್ಲು, 11ನೇ ಶತಮಾನ" ಎಂದಿತ್ತು. ಕಲ್ಲು ಎಂದು ನಮಗೂ ಕಾಣುತ್ತಿತ್ತು.

ಒಬ್ಬ ಹುಡುಗ ಕೇಳಿದ, "ಇವನು ಯಾರಿಗಾಗಿ ಸತ್ತ?" ಅಲ್ಲಿದ್ದವರಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ಕಲ್ಲಿನ ಕೆಳಗಿನ ಪಟ್ಟಿಯಲ್ಲೇ ದನಗಳ ಸಾಲು ಕೆತ್ತಿತ್ತು. ಊರಿನ ದನ ಬಿಡಿಸಲು ಹೋಗಿ ಸತ್ತವನು. ಅಷ್ಟನ್ನು ಬರೆದಿಡಲು ಎಷ್ಟು ಖರ್ಚಾಗುತ್ತದೆ?

ಬೂದಿದಿಬ್ಬ · 10.44

"ಕಲ್ಲು ಎಂದು ನಮಗೂ ಕಾಣುತ್ತಿತ್ತು." ಇದನ್ನು ಚೌಕಟ್ಟು ಹಾಕಿಸಿ ಎಲ್ಲ ಸಂಗ್ರಹಾಲಯಗಳಿಗೂ ಕಳಿಸಬೇಕು.

ಜೋಳದ ಹೊಲ · 10.51

ಫಲಕಗಳ ಕನ್ನಡದ ಬಗ್ಗೆ ನನ್ನದೂ ಒಂದು ದೂರು. "ನವಶಿಲಾಯುಗೀನ ಪರಿಕರಗಳು" ಎಂದರೆ ನನ್ನ ತಾಯಿಗೆ ಏನು ಅರ್ಥವಾಗುತ್ತದೆ? "ಕಲ್ಲು ಉಜ್ಜಿ ಮಾಡಿದ ಕೊಡಲಿ, ಮರ ಕಡಿಯಲು" ಎಂದರೆ ಸಾಕು. ಬಳ್ಳಾರಿಯಲ್ಲಿ ತೆಲುಗು, ಉರ್ದು ಮಾತಾಡುವ ಮನೆಗಳು ಎಷ್ಟಿವೆ, ಆ ಎರಡು ಭಾಷೆಗಳಲ್ಲೂ ಒಂದೊಂದು ಸಾಲು ಇದ್ದರೆ ನಷ್ಟವೇನಿಲ್ಲ.

ಪ್ರದರ್ಶನದ ಬಗ್ಗೆ ಹೇಳುವುದಾದರೆ ಊಟದ ಪ್ರದರ್ಶನ ಮಾಡಿ. ಐದು ಸಾವಿರ ವರ್ಷದಿಂದ ಈ ನೆಲದಲ್ಲಿ ಜೋಳದ ರೊಟ್ಟಿ ತಿನ್ನುತ್ತಿದ್ದೇವೆ. ಅದಕ್ಕಿಂತ ದೊಡ್ಡ ಪರಂಪರೆ ಇಲ್ಲ.

ಬೂದಿದಿಬ್ಬ · 10.58

ಊಟದ ಪ್ರದರ್ಶನ ಬಹಳ ಒಳ್ಳೆಯ ಯೋಚನೆ. ಆದರೆ ಜೋಳದ ಮಾತು ತಪ್ಪು. ಜೋಳ ಆಫ್ರಿಕಾದಿಂದ ಬಂದ ಬೆಳೆ. ಬೂದಿದಿಬ್ಬ ಕಟ್ಟಿದ ಮೊದಲ ಜನರಿಗೆ ಅದು ಗೊತ್ತಿರಲಿಲ್ಲ.

ಜೋಳದ ಹೊಲ · 11.01

ನನ್ನ ಹೆಸರನ್ನೇ ಬದಲಿಸಬೇಕೆನ್ನುತ್ತೀರಾ? ನಮ್ಮ ಅಜ್ಜನ ಅಜ್ಜನೂ ಜೋಳವನ್ನೇ ಬಿತ್ತಿದ್ದು.

ಬೂದಿದಿಬ್ಬ · 11.12

ನಿಮ್ಮ ಅಜ್ಜನ ಅಜ್ಜ ಇನ್ನೂರು ವರ್ಷದ ಹಿಂದಿನವರು. ನಾವು ಮಾತಾಡುತ್ತಿರುವುದು ಕ್ರಿ.ಪೂ. ಎರಡು ಮೂರು ಸಾವಿರದ ಕಾಲ.

ಸಂಗನಕಲ್ಲಿನ ಕೆಲಸವನ್ನು ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ್ ಅವರ ಜೊತೆ ಡೋರಿಯನ್ ಫುಲ್ಲರ್, ನಿಕೋಲ್ ಬೋವಿನ್ ಮೊದಲಾದವರು ಮಾಡಿದರು. ಅಗೆದ ಮಣ್ಣನ್ನು ನೀರಿನಲ್ಲಿ ಕಲಸಿದರೆ ಸುಟ್ಟು ಇದ್ದಿಲಾದ ಕಾಳುಗಳು ಮೇಲೆ ತೇಲುತ್ತವೆ. ಅದನ್ನು ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಯಾವ ಕಾಳು ಎಂದು ಗುರುತಿಸುತ್ತಾರೆ. ಈ ಸೀಮೆಯ ನವಶಿಲಾಯುಗದ ಜಾಗಗಳಲ್ಲಿ ಹಾಗೆ ಸಿಕ್ಕವು ಹುರುಳಿ, ಹೆಸರು, ಕೊರಲೆ ಮತ್ತು ಇನ್ನೊಂದು ಬಗೆಯ ಕಿರುಧಾನ್ಯ. ಗೋಧಿ, ಬಾರ್ಲಿ ಆಮೇಲೆ ಬಂದವು. ಸಿರಿಧಾನ್ಯ ಮೇಳದಲ್ಲಿ ಹೊಸ ಅವತಾರವೆಂಬಂತೆ ಪೊಟ್ಟಣ ಕಟ್ಟಿ ಮಾರುವ ಕೊರಲೆ ನಿಜಕ್ಕೂ ಇಲ್ಲಿನ ಮೊದಲ ಅನ್ನ. ಹುರುಳಿಯನ್ನು ಇಂದು ಎತ್ತಿಗೆ ಹಾಕುತ್ತೇವೆ, ನೆಂಟರು ಬಂದರೆ ಮುಚ್ಚಿಡುತ್ತೇವೆ. ಅದಕ್ಕೆ ನಾಲ್ಕು ಸಾವಿರ ವರ್ಷದ ಮರ್ಯಾದೆ ಇದೆ.

ವಗ್ಗರಣೆ ಮಿರ್ಚಿ · 11.15

ಮಿರ್ಚಿಯಾದರೂ ನಮ್ಮದು ತಾನೆ?

ನವರಂಗ್ ದರವಾಜ · 11.17

ಅಮೆರಿಕ ಖಂಡದ್ದು. ಪೋರ್ಚುಗೀಸರು ತಂದರು. ಶುಭರಾತ್ರಿ.

ವಗ್ಗರಣೆ ಮಿರ್ಚಿ · 11.18

ಈ ಚರ್ಚೆಯಿಂದ ನನಗೆ ಕೊನೆಗೆ ಉಳಿದದ್ದು ಸಗಣಿ ಮಾತ್ರ.

ತುಂಗಭದ್ರಾ ಎಡದಂಡೆ · ಭಾನುವಾರ, ಬೆಳಿಗ್ಗೆ 7.05

ರಾತ್ರಿ ಎಲ್ಲರೂ ಬಳ್ಳಾರಿಯನ್ನೇ ಸುತ್ತಿದಿರಿ. ನಮ್ಮ ಕಡೆಯನ್ನೂ ನೋಡಿ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳಿವೆ. ಮೋರ್ಯರ ಗುಡ್ಡ ಎನ್ನುತ್ತೇವೆ, ಕುಳ್ಳ ಜನ ಅಲ್ಲಿ ವಾಸವಾಗಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಬಡಿದರೆ ನಗಾರಿಯಂತೆ ಮೊಳಗುವ ಬಂಡೆಯೂ ಮೇಲಿದೆ. 2021ರಲ್ಲಿ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೆ ಸೇರಿತು. ಆಗ ಒಂದು ತಿಂಗಳು ಎಲ್ಲರೂ ಬಂದರು, ಚಿತ್ರ ತೆಗೆದುಕೊಂಡರು, ನೀರಿನ ಬಾಟಲಿ ಅಲ್ಲೇ ಬಿಟ್ಟು ಹೋದರು.

ನನ್ನ ಪ್ರಕಾರ ವರ್ಷದ ದೊಡ್ಡ ಪ್ರದರ್ಶನ ಆಗಬೇಕಾದದ್ದು ಕಟ್ಟಡದಲ್ಲಿ ಅಲ್ಲ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ. ಲಕ್ಷಗಟ್ಟಲೆ ಜನ ಬರುತ್ತಾರೆ. ಊರೂರಿನಿಂದ ಟ್ರ್ಯಾಕ್ಟರ್‌ಗಳಲ್ಲಿ ರೊಟ್ಟಿ ಬರುತ್ತದೆ. ಅಶೋಕನ ಶಾಸನ ಆ ಗವಿಮಠದ ಬೆಟ್ಟದ ಮೇಲೇ ಇದೆ, ಹತ್ತಿರದ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಅಜ್ಜನ ಗದ್ದುಗೆಗೆ ಕೈಮುಗಿದು ಬರುವವರಲ್ಲಿ ನೂರಕ್ಕೆ ಹತ್ತು ಜನ ಕೂಡ ಮೇಲೆ ಹತ್ತಿ ಆ ಬಂಡೆ ನೋಡುವುದಿಲ್ಲ. ಒಂದು ಡೇರೆ ಹಾಕಿ, ಅಚ್ಚು ತೆಗೆದ ಪ್ರತಿಕೃತಿ ಇಡಿ, ಬ್ರಾಹ್ಮಿಯಲ್ಲಿ ಮಕ್ಕಳ ಹೆಸರು ಬರೆದುಕೊಡಿ. ಸಾಲು ರಸ್ತೆಯವರೆಗೆ ನಿಲ್ಲದಿದ್ದರೆ ಕೇಳಿ.

ಕೌಲ್‌ಬಜಾರ್ ಮೇಷ್ಟರು · 7.40

ಬ್ರಾಹ್ಮಿಯಲ್ಲಿ ಹೆಸರು! ಇದನ್ನು ನಾಳೆಯೇ ತರಗತಿಯಲ್ಲಿ ಮಾಡುತ್ತೇನೆ. ಇದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಡ.

ಮಾನ್ವಿ ಭತ್ತ · 8.02

ಅಶೋಕನ ಮಾತು ಬಂದ ಮೇಲೆ ಮಸ್ಕಿಯನ್ನು ಬಿಟ್ಟರೆ ಹೇಗೆ? "ದೇವಾನಾಂಪ್ರಿಯ" ಎಂಬವನು ಅಶೋಕನೇ ಎಂದು ಜಗತ್ತಿಗೆ ತಿಳಿಸಿದ ಏಕೈಕ ಶಾಸನ ನಮ್ಮ ರಾಯಚೂರಿನ ಮಸ್ಕಿಯದು. ಬೇರೆಲ್ಲೂ ಅವನ ಹೆಸರಿಲ್ಲ.

ಸಿರುಗುಪ್ಪ ಗದ್ದೆ · 8.11

ಏಕೈಕ ಅಲ್ಲ. ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದಲ್ಲೂ ಅಶೋಕ ಎಂಬ ಹೆಸರಿದೆ. ಮಧ್ಯಪ್ರದೇಶದ ಗುಜರ್ರಾದಲ್ಲೂ ಇದೆ. ಮೊದಲು ಸಿಕ್ಕದ್ದು ಮಸ್ಕಿ ಎನ್ನಿ, ಒಪ್ಪುತ್ತೇನೆ.

ಮಾನ್ವಿ ಭತ್ತ · 8.15

ಸರಿ, ಮೊದಲನೆಯದು. ಮೊದಲನೆಯದಕ್ಕೇ ಬೆಲೆ.

ನವರಂಗ್ ದರವಾಜ · 8.29

ಮಸ್ಕಿಯ ಕಥೆಯಲ್ಲಿ ನನಗೆ ಇಷ್ಟವಾಗುವುದು ಬೇರೆ. 1915ರಲ್ಲಿ ಅದನ್ನು ಕಂಡವನು ವಿದ್ವಾಂಸನಲ್ಲ, ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನ ಹುಡುಕುತ್ತಾ ಬಂದವನಿಗೆ ಅಶೋಕ ಸಿಕ್ಕ. ಈಗ ಹಟ್ಟಿಯ ಗಣಿಯೂ ನಮ್ಮ ಜಿಲ್ಲೆಯಲ್ಲೇ ಇದೆ. ಗಣಿಯ ಹಳೆಯ ಸುರಂಗ, ಮಸ್ಕಿಯ ಶಾಸನ, ರಾಯಚೂರು ಕೋಟೆ ಮೂರನ್ನೂ ಪೋಣಿಸಿ ಒಂದು ಪ್ರದರ್ಶನ ಮಾಡಬಹುದು. ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಚಪ್ಪಡಿ ಇದೆ, 1294ರ ಶಾಸನ ಹೊತ್ತದ್ದು. ಅದನ್ನು ಕೋಣಗಳು ಗಾಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಏಳುನೂರು ವರ್ಷದ ಹಿಂದೆ ಸಾಗಣೆ ಮಾಡಿದವರಿಗೆ ಗೋಡೆಯ ಮೇಲೆ ಜಾಗ ಕೊಟ್ಟರು ನೋಡಿ, ನಮ್ಮ ಉದ್ಘಾಟನಾ ಫಲಕಗಳಲ್ಲಿ ಯಾರ ಹೆಸರಿರುತ್ತದೆ?

ದರೋಜಿ ಕರಡಿ · 8.47

ಬಳ್ಳಾರಿಗೆ ಹಣ ಇಲ್ಲ ಎನ್ನಬೇಡಿ. 2015ರಿಂದ ಜಿಲ್ಲಾ ಖನಿಜ ನಿಧಿ ಇದೆ. ಗಣಿಯವರಿಂದ ಬರುವ ಹಣದಲ್ಲಿ ಒಂದು ಬಸ್ಸು ಕೊಂಡರೆ ಯಾರ ಗಂಟು ಹೋಗುತ್ತದೆ?

ಗಾಂಧಿನಗರ ನಲ್ಲಿ · 8.53

ಸಂಡೂರಿನಲ್ಲಿ ಕೆಂಪು ದೂಳು ಕುಡಿಯುವವರ ಗಂಟು ಹೋಗುತ್ತದೆ. ಆ ನಿಧಿ ಇರುವುದೇ ಗಣಿಯಿಂದ ತೊಂದರೆ ಅನುಭವಿಸಿದವರಿಗೆ. ನೀರು, ಆರೋಗ್ಯ, ಶಿಕ್ಷಣ ಮೊದಲು ಎಂದು ನಿಯಮದಲ್ಲೇ ಇದೆ. ಮೊದಲು ಆಸ್ಪತ್ರೆ ಆಗಲಿ, ಆಮೇಲೆ ಕಲ್ಲಿನ ಕೊಡಲಿ.

ದರೋಜಿ ಕರಡಿ · 8.59

ಶಿಕ್ಷಣ ಎಂದು ನೀವೇ ಹೇಳಿದಿರಿ. ಶಾಲೆಗೆ ಹೋಗುವ ಬಸ್ಸು ಶಿಕ್ಷಣವಲ್ಲದೆ ಮತ್ತೇನು?

ಗಾಂಧಿನಗರ ನಲ್ಲಿ · 9.04

ಆ ಬಸ್ಸು ಮೊದಲು ಸಂಡೂರಿನ ಗಣಿ ಹಳ್ಳಿಗಳ ಶಾಲೆಗೆ ಹೋಗುವುದಾದರೆ ನನ್ನ ತಕರಾರಿಲ್ಲ. ಬರೆದಿಟ್ಟುಕೊಳ್ಳಿ, ನಾನು ಒಪ್ಪಿಕೊಂಡದ್ದು ಇದೊಂದೇ.

ಕಪ್ಪಗಲ್ಲು ಗಂಟೆ · 9.36

ನಾನು ಸಂಗನಕಲ್ಲು, ಕಪ್ಪಗಲ್ಲಿನ ಹಿರೇಗುಡ್ಡದ ಕೆಳಗಿನವನು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವೆಲ್ಲ ಕಟ್ಟಡ, ಬಸ್ಸು, ಡೇರೆ ಎನ್ನುತ್ತಿದ್ದೀರಿ. ಸಂಗ್ರಹಾಲಯಕ್ಕಿಂತ ದೊಡ್ಡ ಸಂಗ್ರಹ ಬಳ್ಳಾರಿಯಿಂದ ಏಳೆಂಟು ಕಿಲೋಮೀಟರ್ ದೂರದಲ್ಲಿ ಬಿಸಿಲಲ್ಲಿ ಬಿದ್ದಿದೆ. ಹಿರೇಗುಡ್ಡದ ನೆತ್ತಿಯ ಉದ್ದಕ್ಕೂ ಕರಿಕಲ್ಲಿನ ಒಂದು ಏಣು ಓಡಿದೆ. ಡಾಲರೈಟ್ ಎನ್ನುತ್ತಾರೆ. ನವಶಿಲಾಯುಗದವರು ಕೊಡಲಿ ಮಾಡುತ್ತಿದ್ದ ಕಾರ್ಖಾನೆ ಅದು. ಇಂದಿಗೂ ಕಾಲಿಟ್ಟಲ್ಲೆಲ್ಲಾ ಚಕ್ಕೆಗಳು, ಅರ್ಧಕ್ಕೆ ಕೈಬಿಟ್ಟ ಕೊಡಲಿಗಳು. ಬಂಡೆಗಳ ಮೇಲೆ ಕೊಡಲಿ ಉಜ್ಜಿ ಉಜ್ಜಿ ಬಿದ್ದ ತಗ್ಗುಗಳಿವೆ. ಬೆರಳಿಟ್ಟರೆ ನುಣುಪು ತಿಳಿಯುತ್ತದೆ. ಅದೇ ಕರಿಕಲ್ಲಿನ ಮೇಲೆ ಗೂಳಿಗಳ, ಮನುಷ್ಯರ ಕುಟ್ಟುಚಿತ್ರಗಳಿವೆ. 1892ರಲ್ಲೇ ಫಾಸೆಟ್ ಎಂಬವರು ಅವುಗಳ ಬಗ್ಗೆ ಬರೆದರು, ಆಮೇಲೆ ಬಹಳ ಕಾಲ ಎಲ್ಲರೂ ಮರೆತರು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ. ನಾವು ದನ ಕಾಯುತ್ತಾ ಅದನ್ನು ಬಾರಿಸಿಯೇ ಬೆಳೆದೆವು. 2004ರಲ್ಲಿ ಈ ಬಂಡೆಗಳ ಬಗ್ಗೆ ಬೋವಿನ್ ಅವರ ಲೇಖನ ಹೊರದೇಶದ ಪತ್ರಿಕೆಯಲ್ಲಿ ಬಂದಾಗ ಊರಿನವರು ಹೇಳಿದ್ದು: "ಇದನ್ನು ನಮ್ಮನ್ನೇ ಕೇಳಿದ್ದರೆ ಹೇಳುತ್ತಿದ್ದೆವಲ್ಲ."

ಈಗ ಕಷ್ಟದ ಮಾತು. ಆ ಗುಡ್ಡಕ್ಕೆ ದೊಡ್ಡ ಶತ್ರು ಕಲ್ಲು ಗಣಿಗಾರಿಕೆ. ಒಡೆಯುವವರನ್ನು ಬೈಯುವುದು ಸುಲಭ. ಒಡೆಯುವವರು ನಮ್ಮೂರ ಪಕ್ಕದ ಬಡವರೇ, ದಿನಗೂಲಿಗೆ ಸುತ್ತಿಗೆ ಹಿಡಿದವರು. ನನ್ನ ಚಿಕ್ಕಪ್ಪನೂ ಒಂದು ಕಾಲದಲ್ಲಿ ಜಲ್ಲಿ ಒಡೆದವರು. ಅವರಿಗೆ ಈ ಕಲ್ಲು ಬೇರೆ, ಆ ಕಲ್ಲು ಬೇರೆ ಎಂದು ಯಾರಾದರೂ ಹೇಳಿದ್ದರೇ? ಕಾವಲಿಗೆ ಕೆಲಸ ಕೊಟ್ಟಿದ್ದರೇ? ನನ್ನ ಕೈಗೆ ವರ್ಷ ಕೊಟ್ಟರೆ ಪ್ರದರ್ಶನವನ್ನೇ ಮಾಡುವುದಿಲ್ಲ. ಕಪ್ಪಗಲ್ಲು, ಸಂಗನಕಲ್ಲಿನ ಇಪ್ಪತ್ತು ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು ಗುಡ್ಡ ತೋರಿಸುವವರನ್ನಾಗಿ ಮಾಡುತ್ತೇನೆ. ಬಂಡೆಗೆ ಅಷ್ಟೊಂದು ಕಾವಲುಗಾರರು ಸಿಕ್ಕಂತಾಗುತ್ತದೆ.

ಬೂದಿದಿಬ್ಬ · 9.50

ನನ್ನ ಸಗಣಿ ಪ್ರದರ್ಶನ ಎರಡನೆಯ ವರ್ಷಕ್ಕಿರಲಿ. ಇದು ಮೊದಲಾಗಲಿ.

ಗ್ರಂಥಾಲಯದ ಮೂಲೆ · 9.58

ಒಂದು ವಿನಂತಿ. ನಾದದ ಬಂಡೆಗಳನ್ನು ತೋರಿಸುವಾಗ ಬಂದವರೆಲ್ಲ ಬಾರಿಸುವಂತೆ ಆಗಬಾರದು. ದಿನಕ್ಕೆ ಇನ್ನೂರು ಜನ ಬಡಿದರೆ ನಾಲ್ಕು ಸಾವಿರ ವರ್ಷದ ತಗ್ಗು ನಾಲ್ಕು ವರ್ಷದಲ್ಲಿ ಕೆಡುತ್ತದೆ. ಧ್ವನಿಮುದ್ರಣ ಮಾಡಿ ಸಂಗ್ರಹಾಲಯದಲ್ಲಿ ಕೇಳಿಸಿ. ಇಲ್ಲವೇ ಅದೇ ಜಾತಿಯ ಬೇರೆ ಕಲ್ಲೊಂದನ್ನು ಅಂಗಳದಲ್ಲಿ ಇಡಿ.

ಕಪ್ಪಗಲ್ಲು ಗಂಟೆ · 10.03

ಸರಿಯಾದ ಮಾತು. ನಾವು ಬಾರಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ, ಸ್ವಲ್ಪವೇ ಆದರೂ.

ಕುರುಗೋಡು ಬನ್ನಿ · 10.20

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ಈಗ ಕೇಳಲೇಬೇಕು. ನಮ್ಮ ಹೊಲದಲ್ಲಿ ಹಿಂಗಾರಿಗೆ ಹರಗುವಾಗ ಒಂದು ಕಪ್ಪು ಕಲ್ಲು ಸಿಕ್ಕಿತು. ಅಂಗೈ ಉದ್ದ, ಒಂದು ತುದಿ ಮೊನಚು, ಇನ್ನೊಂದು ತುದಿ ಹರಿತ, ಗಾಜಿನಷ್ಟು ನುಣುಪು. ಅಪ್ಪ ಎಸೆಯಲು ಹೊರಟಿದ್ದರು. ಅಜ್ಜಿ ತಡೆದು ಅದು ಸಿಡಿಲಿನ ಕಲ್ಲು, ಆಕಾಶದಿಂದ ಬಿದ್ದದ್ದು ಎಂದು ಬನ್ನಿಗಿಡದ ಕೆಳಗೆ ಇಟ್ಟು ಕುಂಕುಮ ಹಚ್ಚಿದರು. ನೀವು ಹೇಳುವ ಕೊಡಲಿ ಇದೇ ಇರಬಹುದೇ?

ಕಪ್ಪಗಲ್ಲು ಗಂಟೆ · 10.24

ಇರಬಹುದಲ್ಲ, ಅದೇ!

ನವರಂಗ್ ದರವಾಜ · 10.37

ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಅವರು ತಡೆಯದಿದ್ದರೆ ಅದು ಬದುವಿಗೆ ಹೋಗುತ್ತಿತ್ತು. ಹೀಗೆ ಗುಡಿಯಲ್ಲಿ, ಮರದ ಬುಡದಲ್ಲಿ ಪೂಜೆಗೆ ಇಟ್ಟ ಕೊಡಲಿಗಳು ಈ ಸೀಮೆಯಲ್ಲಿ ಹೊಸದಲ್ಲ. ಕೆಲವು ಮಾತು ಗಮನದಲ್ಲಿಡಿ. ಕಲ್ಲನ್ನು ಇನ್ನು ತಿಕ್ಕಿ ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಹೊಲದಲ್ಲಿ ಯಾವ ಜಾಗ, ಎಷ್ಟು ಆಳ ಎಂದು ಬರೆದಿಡಿ, ಏಕೆಂದರೆ ಜಾಗ ಗೊತ್ತಿಲ್ಲದ ಕೊಡಲಿ ಅರ್ಧ ಮೂಕ. ಇನ್ನೂ ಸಿಗಬಹುದೆಂದು ಅಗೆಯಲು ಹೋಗಬೇಡಿ. ತಹಶೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಯಾರಾದರೂ ದುಡ್ಡು ಕೊಡುತ್ತೇನೆಂದು ಬಂದರೆ ಬಾಗಿಲು ಹಾಕಿಕೊಳ್ಳಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಪುರಾವಸ್ತುಗಳ ವ್ಯಾಪಾರ ಮಾಡುವುದು ಅಪರಾಧ.

ಹೊಸಪೇಟೆ ಪ್ಯಾಸೆಂಜರ್ · 10.41

ತಿಳಿಸಿದರೆ ಹೊಲವನ್ನೇ ಕಿತ್ತುಕೊಳ್ಳುತ್ತಾರೆ ಎಂಬ ಭಯ ರೈತರಿಗಿದೆ. ಅದಕ್ಕೇ ಎಲ್ಲರೂ ಸುಮ್ಮನಿರುತ್ತಾರೆ.

ನವರಂಗ್ ದರವಾಜ · 10.46

ಒಂದು ಕೊಡಲಿ ಸಿಕ್ಕಿತೆಂದು ಹೊಲ ಕಿತ್ತುಕೊಂಡರೆ ಬಳ್ಳಾರಿಯಲ್ಲಿ ಅರ್ಧ ಜನ ಭೂಮಿ ಇಲ್ಲದವರಾಗುತ್ತಿದ್ದರು. ಆದರೆ ಭಯ ನಿಜ. ಮೇಷ್ಟರ ಪಟ್ಟಿಗೆ ಇದನ್ನೂ ಸೇರಿಸಿ: ವರ್ಷಕ್ಕೊಮ್ಮೆ "ನಿಮ್ಮ ಕಲ್ಲು ತನ್ನಿ" ದಿನ. ಜನ ತಂದು ತೋರಿಸಲಿ, ತಿಳಿದವರು ಗುರುತಿಸಿ ದಾಖಲಿಸಲಿ. ಇಲ್ಲಿ ಬಂದವರ ಹೊಲ ಮುಟ್ಟುವುದಿಲ್ಲ ಎಂದು ಬಾಗಿಲಲ್ಲೇ ಬರೆದಿರಲಿ.

ಕಿನ್ನಾಳ ಗೊಂಬೆ · 11.08

ತಡವಾಗಿ ಬಂದೆ. ನಮ್ಮ ಕಿನ್ನಾಳದಲ್ಲಿ ಮರದಲ್ಲಿ ಗೂಳಿ, ದೇವರು, ಹಣ್ಣು ಎಲ್ಲ ಮಾಡುತ್ತಾರೆ. ಕಪ್ಪಗಲ್ಲಿನ ಬಂಡೆಯ ಉದ್ದ ಕೊಂಬಿನ ಗೂಳಿಯನ್ನು ಕಿನ್ನಾಳದವರಿಂದ ಮಾಡಿಸಿ ಸಂಗ್ರಹಾಲಯದಲ್ಲಿ ಮಾರಬಾರದೇಕೆ? ಈಗ ಹೋದರೆ ಎಲ್ಲ ಕಡೆ ಅದೇ ಪ್ಲಾಸ್ಟಿಕ್ ತಾಜಮಹಲು.

ಜೋಳದ ಹೊಲ · 11.12

ಕೊರಲೆ ಅನ್ನ, ಹುರುಳಿ ಸಾರು ಮಾರುವ ಅಂಗಡಿಯೂ ಇರಲಿ. ರಾತ್ರಿಯ ಸೋಲನ್ನು ನಾನು ಒಪ್ಪಿಕೊಂಡಿದ್ದೇನೆ. ಆದರೆ ಪಕ್ಕದಲ್ಲಿ ರೊಟ್ಟಿಯೂ ಇರಬೇಕು, ಫಲಕದಲ್ಲಿ "ತಡವಾಗಿ ಬಂದರೂ ಗೆದ್ದದ್ದು" ಎಂದು ಬರೆಯಿರಿ.

ವಗ್ಗರಣೆ ಮಿರ್ಚಿ · 11.14

ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನವಂತೆ. ಬಳ್ಳಾರಿಯ ಮೇ ತಿಂಗಳಲ್ಲಿ! ಆ ದಿನಾಂಕ ನಿಗದಿ ಮಾಡಿದವರು ಈ ಊರಿನ ಬಿಸಿಲು ಕಂಡವರಲ್ಲ.

ಕೌಲ್‌ಬಜಾರ್ ಮೇಷ್ಟರು · 12.30

ಮೇ ಬೇಡ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ ಇದೆ. ಬಿಸಿಲೂ ಇಳಿದಿರುತ್ತದೆ. ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ, ನಾನು ಆ ಭಾನುವಾರ ನನ್ನ ನಲವತ್ತೆರಡು ಮಕ್ಕಳನ್ನು ಹಿರೇಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ. ಬೆಳಿಗ್ಗೆ ಆರೂವರೆಗೆ ಕೌಲ್‌ಬಜಾರ್‌ನಿಂದ ಬಸ್ಸು, ಹತ್ತರೊಳಗೆ ಗುಡ್ಡ ಇಳಿದು ಸಂಗ್ರಹಾಲಯಕ್ಕೆ. ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲೇ ಹೋಗಿ ವಿಚಾರಿಸುತ್ತೇನೆ, ಮಿರ್ಚಿಯವರು ಚಿಂತೆ ಮಾಡುವುದು ಬೇಡ. ಗುಡ್ಡದ ಮೇಲೆ ದಾರಿ ತೋರಿಸಲು ಗಂಟೆಯವರು ಬರುತ್ತಾರೆ, ಈಗಷ್ಟೇ ಫೋನಿನಲ್ಲಿ ಒಪ್ಪಿದರು. ಮಕ್ಕಳು ಬಿಟ್ಟು ಎಂಟು ಸೀಟು ಖಾಲಿ ಇವೆ. ಟೋಪಿ, ನೀರು ತನ್ನಿ. ಮೇಲಿಂದ ಯಾರೂ ಒಂದು ಚಕ್ಕೆಯನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ಬೂದಿದಿಬ್ಬ · 12.34

ನನಗೊಂದು.

ಗಾಂಧಿನಗರ ನಲ್ಲಿ · 12.41

ನೀರು ಬಂತು. ಈಗಷ್ಟೇ. ನನಗೂ ಒಂದು ಸೀಟು ಹಿಡಿಯಿರಿ.

ಕುರುಗೋಡು ಬನ್ನಿ · ಸಂಜೆ 6.15

ಅಜ್ಜಿಗೆ ಎಲ್ಲವನ್ನೂ ಓದಿ ಹೇಳಿದೆ. ಅದು ಮನುಷ್ಯರು ಮಾಡಿದ ಕೊಡಲಿ, ನಾಲ್ಕು ಸಾವಿರ ವರ್ಷದ್ದು ಎಂದೆ. "ಮನುಷ್ಯರು ಮಾಡಿದರೆ ಏನಾಯಿತು, ಸಿಡಿಲು ಬೀಳುವುದಿಲ್ಲವೇ" ಎಂದರು. ಸಂಗ್ರಹಾಲಯದವರಿಗೆ ತೋರಿಸಲು ಒಪ್ಪಿದ್ದಾರೆ, ಕೊಡಲು ಇನ್ನೂ ಒಪ್ಪಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವವರೆಗೆ ಅದು ಬನ್ನಿಗಿಡದ ಕೆಳಗೇ ಇರಬೇಕಂತೆ. ಆಮೇಲೆ ಅದು ಗಾಜಿನೊಳಗೆ ಹೋದರೆ ಅಲ್ಲಿ ಕುಂಕುಮ ಹಚ್ಚುವವರು ಯಾರು ಎಂದು ಕೇಳುತ್ತಿದ್ದಾರೆ.

ಬಸ್ಸಿನಲ್ಲಿ ಎರಡು ಸೀಟು ಬೇಕು. ಅಜ್ಜಿ ಗುಡ್ಡ ಹತ್ತುವುದಿಲ್ಲ, ಕೆಳಗೆ ಕುಳಿತಿರುತ್ತಾರಂತೆ.